ಪದಗಳ ಹುಟ್ಟು ಹುಡುಕಿದ ಜೇಮ್ಸ್ ಮರ್ರೆ

ಮಕ್ಕಳೇ, ಕಿಟಕಿಗೆ ಇಂಗ್ಲಿಷಿನಲ್ಲಿ ‘ವಿಂಡೋ’ ಎನ್ನುತ್ತಾರೆಂದು ನಿಮಗೆ ಗೊತ್ತು. ಆ ಪದ ಎಲ್ಲಿಂದ ಬಂತು ಗೊತ್ತೆ? ಉತ್ತರ ಯುರೋಪಿನ ಹಳೆಯ ನಾರ್ಸ್ ಭಾಷೆಯಲ್ಲಿ ‘ವಿಂಡೌಗ’ ಎಂಬ ಪದವಿತ್ತು. ಅದರ ಅರ್ಥ ಗಾಳಿಯ ಕಣ್ಣು! ಕಿಟಕಿಗೆ ನಮ್ಮಲ್ಲಿ ‘ಗವಾಕ್ಷ’ ಎಂಬ ಹೆಸರೂ ಇದೆ. ಸಂಸ್ಕೃತದಲ್ಲಿ ಅದರ ಅರ್ಥ ಎತ್ತಿನ ಕಣ್ಣು. ದೂರದೂರದ ಜನರಿಗೂ ಕಿಟಕಿ ಕಣ್ಣಿನಂತೆಯೇ ಕಂಡಿದೆ, ನೋಡಿ.

ಇಂಗ್ಲಿಷಿನ ಪ್ರತಿಯೊಂದು ಪದದ ಹುಟ್ಟನ್ನೂ ಹೀಗೆ ಹುಡುಕಲು ಹೊರಟವರು ಜೇಮ್ಸ್ ಮರ್ರೆ. ಅವರು 1837ರಲ್ಲಿ ಸ್ಕಾಟ್ಲೆಂಡಿನ ಡೆನ್‌ಹೋಮ್ ಎಂಬ ಹಳ್ಳಿಯಲ್ಲಿ ಹುಟ್ಟಿದರು. ತಂದೆ ದರ್ಜಿ. ಮುಂದೆ ಓದಿಸಲು ಮನೆಯಲ್ಲಿ ಹಣವಿರಲಿಲ್ಲ. 14ನೇ ವಯಸ್ಸಿಗೇ ಶಾಲೆ ಬಿಡಬೇಕಾಯಿತು. ಆದರೆ ಕಲಿಯುವುದನ್ನು ಅವರು ಬಿಡಲಿಲ್ಲ. ಗಿಡ, ಬಂಡೆಗಳನ್ನು ಗಮನಿಸಿದರು. ಹಲವು ಭಾಷೆಗಳನ್ನು ತಾವೇ ಕಲಿತರು. 17ನೇ ವಯಸ್ಸಿನಲ್ಲಿ ಶಿಕ್ಷಕರಾದರು.

1879ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯ ಮುದ್ರಣಾಲಯವು ದೊಡ್ಡದೊಂದು ನಿಘಂಟಿನ ಸಂಪಾದಕತ್ವವನ್ನು ಅವರಿಗೆ ವಹಿಸಿತು. ಹತ್ತು ವರ್ಷಗಳಲ್ಲಿ ಮುಗಿಯಬೇಕಿದ್ದ ಕೆಲಸ ಅದು. ಮರ್ರೆ ಮನೆಯಂಗಳದಲ್ಲಿ ಒಂದು ಕಬ್ಬಿಣದ ಶೆಡ್ಡು ಹಾಕಿಸಿದರು. ಒಳಗೆ ಗೋಡೆಯುದ್ದಕ್ಕೂ ಚೀಟಿ ಇಡುವ ಸಾವಿರಕ್ಕೂ ಹೆಚ್ಚು ಗೂಡುಗಳು!

ಚೀಟಿ ಏಕೆ? ಕೇಳಿ. ಸಾವಿರಾರು ಪುಸ್ತಕಪ್ರಿಯರು ಹಳೆಯ ಪುಸ್ತಕಗಳನ್ನು ಓದಿ, ಒಂದೊಂದು ಪದವನ್ನೂ ಅದು ಬಂದ ವಾಕ್ಯವನ್ನೂ ಪುಸ್ತಕದ ಹೆಸರು, ಇಸವಿ ಸಹಿತ ಚೀಟಿಯಲ್ಲಿ ಬರೆದು ಕಳಿಸುತ್ತಿದ್ದರು. ಮರ್ರೆಯವರ ಮಕ್ಕಳೂ ಕೈಖರ್ಚಿನ ಕಾಸಿಗಾಗಿ ಚೀಟಿ ಜೋಡಿಸುತ್ತಿದ್ದರು. ಇಸವಿಯ ಪ್ರಕಾರ ಚೀಟಿಗಳನ್ನಿಟ್ಟರೆ ಪದದ ವಯಸ್ಸು ತಿಳಿಯುತ್ತದೆ. ಅರ್ಥ ಹೇಗೆ ಬದಲಾಯಿತೆಂಬುದೂ ಕಾಣುತ್ತದೆ. ‘ನೈಸ್’ ಎಂದರೆ ಇಂದು ‘ಚೆನ್ನಾಗಿದೆ’ ಎಂದರ್ಥ. ಸುಮಾರು 700 ವರ್ಷಗಳ ಹಿಂದೆ ಅದರ ಅರ್ಥ ‘ದಡ್ಡ’ ಎಂದಿತ್ತು! ಅದರ ಮೂಲವಾದ ಲ್ಯಾಟಿನ್ ಪದಕ್ಕೆ ‘ತಿಳಿಯದವನು’ ಎಂದರ್ಥ. ಬರೀ ಊಹೆಯಿಂದ ಇದು ಹೊಳೆಯುತ್ತಿತ್ತೆ?

ವ್ಯಕ್ತಿಗಳ ಹೆಸರುಗಳಿಗೂ ಇಂಥ ಇತಿಹಾಸವಿದೆ. ಹೀಬ್ರೂ ಭಾಷೆಯ ‘ಯಾಕೋಬ್’ ಎಂಬ ಹೆಸರು ಲ್ಯಾಟಿನ್ ಮತ್ತು ಫ್ರೆಂಚ್ ಭಾಷೆಗಳ ದಾರಿಯಲ್ಲಿ ರೂಪ ಬದಲಿಸಿ ‘ಜೇಮ್ಸ್’ ಆಯಿತು. ಜೇಕಬ್, ಜೇಮ್ಸ್ ಎರಡೂ ಒಂದೇ ಬೇರಿನ ಹೆಸರುಗಳು.

ಸಾಕ್ಷ್ಯ ಹುಡುಕುವ ಕೆಲಸ ಬೇಗ ಸಾಗದು. ಐದು ವರ್ಷ ದುಡಿದ ಮೇಲೆ, 1884ರಲ್ಲಿ ಮೊದಲ ಭಾಗ ಹೊರಬಂತು. ಅದು ‘ಎ’ ಅಕ್ಷರವನ್ನೂ ದಾಟಿರಲಿಲ್ಲ. ‘ಆಂಟ್’, ಅಂದರೆ ಇರುವೆ ಎಂಬ ಪದಕ್ಕೇ ನಿಂತಿತ್ತು. ಬೇಗ ಮುಗಿಸಿ ಎಂಬ ಒತ್ತಾಯ ಬಂತು. ಮರ್ರೆ ಇರುವೆಯಂತೆಯೇ ಬಿಡದೆ ದುಡಿದರು. ಅವಸರಕ್ಕಾಗಿ ಕೆಲಸ ಕೆಡಿಸಲಿಲ್ಲ.

1915ರ ಜುಲೈ 26ರಂದು ಅವರು ತೀರಿಕೊಂಡರು. ಆಗ ಅವರು ‘ಟಿ’ ಅಕ್ಷರದ ಪದಗಳಲ್ಲಿದ್ದರು. ಜೊತೆಗಾರ ಸಂಪಾದಕರು ಕೆಲಸ ಮುಂದುವರಿಸಿ 1928ರಲ್ಲಿ ನಿಘಂಟನ್ನು ಪೂರ್ಣಗೊಳಿಸಿದರು. ನಾಲ್ಕು ಲಕ್ಷಕ್ಕೂ ಹೆಚ್ಚು ಪದಗಳ ಆ ನಿಘಂಟಿನ ಸುಮಾರು ಅರ್ಧ ಭಾಗ ಮರ್ರೆಯವರದೇ. ಪೂರ್ತಿ ನಿಘಂಟನ್ನು ನೋಡುವ ಭಾಗ್ಯ ಮಾತ್ರ ಅವರಿಗಿರಲಿಲ್ಲ.

ಮಕ್ಕಳೇ, ನಿಮ್ಮ ಅಜ್ಜ ಅಜ್ಜಿಯರಿಗೆ ಗೊತ್ತಿರುವ ಹಳೆಯ ಪದವೊಂದನ್ನು ಕೇಳಿ. ಯಾರು, ಯಾವಾಗ, ಯಾವ ಮಾತಿನಲ್ಲಿ ಬಳಸುತ್ತಿದ್ದರೆಂದು ಚೀಟಿಯಲ್ಲಿ ಬರೆದಿಡಿ. ಮರ್ರೆಯವರ ನಿಘಂಟೂ ಬೆಳೆದದ್ದು ಅಂಥ ಚೀಟಿಗಳಿಂದಲೇ.