ಮೈಸೂರು ಸಂಸ್ಥಾನಕ್ಕೆ ಹೂವಿನ ಬಣ್ಣ ತಂದ ಕೃಂಬಿಗಲ್

ತರೀಕೆರೆ: ಲಿಂಗದಹಳ್ಳಿ ಮಾರ್ಗವಾಗಿ ಕೆಮ್ಮಣ್ಣುಗುಂಡಿ ಏರುವ ಪ್ರವಾಸಿಗರು ರಾಜಭವನದ ಮುಂದಿನ ಗುಲಾಬಿ ತೋಟಕ್ಕಿಂತ ಅದರಾಚೆಗಿನ ಕಣಿವೆಯನ್ನೇ ಹೆಚ್ಚು ಹೊತ್ತು ನೋಡುತ್ತಾರೆ. ದೂರದ ಬೆಟ್ಟವನ್ನು ತೋಟದ ಭಾಗವೆಂದೇ ಎಣಿಸುವ ಈ ಬಗೆಯನ್ನು ಚೀನೀಯರು ಎರವಲು ಪಡೆದ ದೃಶ್ಯ ಎನ್ನುತ್ತಾರೆ. 17ನೇ ಶತಮಾನದ ಉದ್ಯಾನ ಶಿಲ್ಪಿ ಜಿ ಚೆಂಗ್ ಇದನ್ನು ಶಾಸ್ತ್ರವಾಗಿಯೇ ಬರೆದಿಟ್ಟಿದ್ದಾನೆ. ಆಗ ಕಡೂರು ಜಿಲ್ಲೆ ಎಂದೇ ಹೆಸರಾಗಿದ್ದ ಈ ಸೀಮೆಯ ಗಿರಿಧಾಮವನ್ನು ನಾಲ್ವಡಿ ಕೃಷ್ಣರಾಜ ಒಡೆಯರ್ ಬೇಸಿಗೆಯ ತಂಗುದಾಣವಾಗಿಸಿಕೊಂಡಿದ್ದರು. ಅದು ಮುಂದೆ ತೋಟಗಾರಿಕೆ ಇಲಾಖೆಯ ವಶಕ್ಕೆ ಬಂತು. ಸಂಸ್ಥಾನದಲ್ಲಿ ತೋಟಗಾರಿಕೆಗೆ ಆಧುನಿಕ ರೂಪ ಕೊಟ್ಟವರಲ್ಲಿ ಪ್ರಮುಖರು ಜರ್ಮನಿಯ ಗುಸ್ತಾವ್ ಹರ್ಮನ್ ಕೃಂಬಿಗಲ್.

1865ರ ಡಿಸೆಂಬರ್ 18ರಂದು ಡ್ರೆಸ್ಡೆನ್ ಸಮೀಪದ ಲೋಹ್‌ಮೆನ್‌ನಲ್ಲಿ ಜನಿಸಿದ ಕೃಂಬಿಗಲ್, ಪಿಲ್ನಿಟ್ಸ್‌ನಲ್ಲಿ ತೋಟಗಾರಿಕೆ ಕಲಿತು 1888ರಲ್ಲಿ ಇಂಗ್ಲೆಂಡಿಗೆ ತೆರಳಿದರು. ಲಂಡನ್ನಿನ ಹೈಡ್ ಪಾರ್ಕ್‌ನಲ್ಲಿ ಹೂವಿನ ಮಡಿಗಳನ್ನು ರೂಪಿಸಿ, ಬಳಿಕ ಪ್ರಸಿದ್ಧ ಕ್ಯೂ ಉದ್ಯಾನವನ್ನು ಸೇರಿದರು. ಚೀನೀ ಶೈಲಿಗೆ ಮಾರುಹೋಗಿದ್ದ ವಿಲಿಯಂ ಚೇಂಬರ್ಸ್ 1762ರಲ್ಲಿ ಕಟ್ಟಿಸಿದ ಹತ್ತು ಅಂತಸ್ತಿನ ಪಗೋಡ ಇರುವುದು ಅಲ್ಲಿಯೇ. ಪೂರ್ವದೇಶದ ಉದ್ಯಾನ ಕಲೆ ಯುರೋಪಿನಲ್ಲಿ ಊರಿದ ಹೆಜ್ಜೆಯ ಪಕ್ಕದಲ್ಲೇ ಅವರು ದುಡಿದರೆನ್ನಬಹುದು.

1893ರಲ್ಲಿ ಬರೋಡದ ಸಯಾಜಿರಾವ್ ಗಾಯಕವಾಡರ ಸೇವೆಗೆಂದು ಭಾರತಕ್ಕೆ ಬಂದ ಅವರು ಮತ್ತೆ ಯುರೋಪಿನಲ್ಲಿ ನೆಲೆಸಲಿಲ್ಲ. ಒಡೆಯರ್ ಅವರ ಆಹ್ವಾನದ ಮೇರೆಗೆ ಮೈಸೂರಿಗೆ ಬಂದು, 1908ರಲ್ಲಿ ಜಾನ್ ಕ್ಯಾಮರನ್ ಅವರ ಉತ್ತರಾಧಿಕಾರಿಯಾಗಿ ಲಾಲ್‌ಬಾಗ್‌ನ ಹೊಣೆ ಹೊತ್ತರು. ಬೆಂಗಳೂರಿನ ರಸ್ತೆಗಳ ಇಕ್ಕೆಲಗಳಲ್ಲಿ ಒಂದು ಜಾತಿಯ ಹೂವು ಉದುರುವ ಹೊತ್ತಿಗೆ ಇನ್ನೊಂದು ಅರಳಬೇಕೆಂಬುದು ಅವರ ಯೋಜನೆ. ಟಬೆಬುಯಾ, ಜಕರಂಡ, ಗುಲ್‌ಮೊಹರ್ ಸರದಿಯಂತೆ ಬಣ್ಣ ಚೆಲ್ಲುವುದಕ್ಕೆ ಮೂಲ ಅದೇ. ಜಾಗ ನೋಡಿ ಗಿಡ ನೆಡುವವರು ಎಲ್ಲ ಕಾಲದಲ್ಲೂ ಇದ್ದಾರೆ. ತಿಂಗಳು ನೋಡಿ ನೆಟ್ಟವರು ವಿರಳ.

ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ ಕೃಷ್ಣರಾಜಸಾಗರದ ಕೆಳಗೆ ರೂಪುಗೊಂಡ ಬೃಂದಾವನಕ್ಕೂ ಅವರ ಪರಿಣತಿ ಒದಗಿತು. ಚೀನಾದ ಸುಝೌ ನಗರದ ಉದ್ಯಾನಗಳಲ್ಲಿ ಗೋಡೆ, ಬಂಡೆ, ತಿರುವುಗಳು ನೋಟವನ್ನು ಮರೆಮಾಡಿ ತುಸುತುಸುವೇ ತೆರೆದು ತೋರುತ್ತವೆ. ಬೃಂದಾವನದ್ದು ಇದಕ್ಕೆ ತೀರಾ ವಿರುದ್ಧವಾದ ಮೊಘಲ್ ಪದ್ಧತಿ. ನಡುವೆ ನೇರ ಕಾಲುವೆ, ಇಬ್ಬದಿಗೂ ಸಮನಾದ ಮೆಟ್ಟಿಲು ಮೆಟ್ಟಿಲಾದ ಹಾಸು. ನಿಂತಲ್ಲಿಂದಲೇ ಎಲ್ಲವೂ ಕಾಣುತ್ತದೆ.

ಇಷ್ಟೆಲ್ಲ ಮಾಡಿದವರಿಗೂ ಹುಟ್ಟಿದ ದೇಶವೇ ಮುಳುವಾಯಿತು. ಎರಡೂ ಮಹಾಯುದ್ಧಗಳ ಕಾಲದಲ್ಲಿ ಬ್ರಿಟಿಷ್ ಆಡಳಿತ ಅವರನ್ನು ಶತ್ರುದೇಶದ ಪ್ರಜೆಯೆಂದು ಬಂಧನದಲ್ಲಿರಿಸಿತು. ಪತ್ನಿ ಇಂಗ್ಲಿಷ್ ಮಹಿಳೆ ಎಂಬುದಾಗಲಿ, ಮಹಾರಾಜರ ವಿಶ್ವಾಸವಾಗಲಿ ಅದನ್ನು ತಪ್ಪಿಸಲಿಲ್ಲ. ಎರಡನೆಯ ಯುದ್ಧ ಆರಂಭವಾದಾಗ ಅವರಿಗೆ ಎಪ್ಪತ್ತು ದಾಟಿತ್ತು, 1932ರಲ್ಲೇ ನಿವೃತ್ತರಾಗಿದ್ದರು. ಆದರೂ ಅವರು ಈ ನಾಡನ್ನು ತೊರೆಯಲಿಲ್ಲ.

1956ರ ಫೆಬ್ರುವರಿ 8ರಂದು ತಮ್ಮ 90ನೇ ವಯಸ್ಸಿನಲ್ಲಿ ಬೆಂಗಳೂರಿನಲ್ಲಿ ನಿಧನರಾದ ಕೃಂಬಿಗಲ್ ಅವರನ್ನು ಹೊಸೂರು ರಸ್ತೆಯ ಸ್ಮಶಾನದಲ್ಲಿ ಸಮಾಧಿ ಮಾಡಲಾಯಿತು. ಲಾಲ್‌ಬಾಗ್ ಪಕ್ಕದ ರಸ್ತೆಗೆ ಅವರ ಹೆಸರಿದೆ. ಉದ್ಯಾನದೊಳಗೆ ಅವರ ಹೆಸರು ಹೊತ್ತಿದ್ದ ಹಳೆಯ ಸಭಾಂಗಣ ಮಾತ್ರ ವರ್ಷಗಟ್ಟಲೆ ದುರಸ್ತಿ ಕಾಣದೆ 2017ರ ಮಳೆಗೆ ಕುಸಿದುಬಿತ್ತು.