ಜಾನ್ ಸ್ಟೀವರ್ಟ್ ಬೆಲ್ (1928–1990): ಸಂಕ್ಷಿಪ್ತ ಜೀವನ ಪರಿಚಯ

ಕ್ವಾಂಟಮ್ ಸಂವಹನ ಜಾಲಗಳ ಕುರಿತು ತಿಳಿಯಬಯಸುವ ನಾಗರಿಕರ ಅವಗಾಹನೆಗಾಗಿ, ಈ ಕ್ಷೇತ್ರಕ್ಕೆ ತಳಹದಿ ಹಾಕಿದ ಭೌತವಿಜ್ಞಾನಿ ಶ್ರೀ ಬೆಲ್ ಅವರ ಜೀವನ ವಿವರವನ್ನು ಇಲ್ಲಿ ನೀಡಲಾಗಿದೆ.

ಶ್ರೀಯುತರು ದಿನಾಂಕ 28.07.1928 ರಂದು ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ನಗರದಲ್ಲಿ ಅಲ್ಪ ಆದಾಯದ ಕುಟುಂಬದಲ್ಲಿ ಜನಿಸಿದರು. 16ನೇ ವಯಸ್ಸಿನಲ್ಲಿ ಶಾಲಾ ಶಿಕ್ಷಣ ಪೂರೈಸಿ, ಅಲ್ಲಿನ ಕ್ವೀನ್ಸ್ ವಿಶ್ವವಿದ್ಯಾಲಯದ ಭೌತವಿಜ್ಞಾನ ಪ್ರಯೋಗಾಲಯದಲ್ಲಿ ಒಂದು ವರ್ಷ ಸಹಾಯಕರಾಗಿ ದುಡಿದರು. ತರುವಾಯ ಅಲ್ಲಿಯೇ ವಿದ್ಯಾರ್ಥಿಯಾಗಿ ಸೇರಿ, 1948 ಮತ್ತು 1949ರಲ್ಲಿ ಎರಡು ಪದವಿಗಳನ್ನು ಪಡೆದರು. 1954ರಲ್ಲಿ ಭೌತವಿಜ್ಞಾನಿ ಮೇರಿ ರಾಸ್ ಅವರನ್ನು ವಿವಾಹವಾದರು. 1960ರಿಂದ ಜೀವನದ ಕೊನೆಯವರೆಗೂ ಜಿನೀವಾ ಸಮೀಪದ ಸರ್ನ್ ಸಂಸ್ಥೆಯಲ್ಲಿ ಸೇವೆ ಸಲ್ಲಿಸಿದರು.

ಕಣಭೌತವಿಜ್ಞಾನ ಮತ್ತು ಕಣವೇಗವರ್ಧಕಗಳ ವಿನ್ಯಾಸ ಅವರ ವೃತ್ತಿಯ ಕಾರ್ಯವಾಗಿತ್ತು. ಕ್ವಾಂಟಮ್ ಸಿದ್ಧಾಂತದ ಮೂಲ ಪ್ರಶ್ನೆಗಳನ್ನು ಬಿಡುವಿನ ವೇಳೆಯಲ್ಲಿ ಪರಿಶೀಲಿಸುತ್ತಿದ್ದರು. ಒಂದೇ ಮೂಲದಿಂದ ಹೊರಟು ದೂರ ಸರಿದ ಎರಡು ಕಣಗಳ ನಡುವೆ ಹೆಣೆಯುವಿಕೆ ಎಂಬ ಕ್ವಾಂಟಮ್ ಸಂಬಂಧವಿದ್ದರೆ, ಅವುಗಳ ಅಳತೆಯ ಫಲಿತಾಂಶಗಳು ಪರಸ್ಪರ ಹೊಂದಿಕೆಯಾಗುತ್ತವೆ. ಫಲಿತಾಂಶಗಳು ಆಯಾ ಕಣದಲ್ಲೇ ಮೊದಲೇ ನಿಗದಿಯಾಗಿದ್ದರೆ ಈ ಹೊಂದಿಕೆಯು ಒಂದು ಮಿತಿಯನ್ನು ಮೀರಲಾರದೆಂದೂ, ಕ್ವಾಂಟಮ್ ಸಿದ್ಧಾಂತದ ಪ್ರಕಾರ ಮೀರಬೇಕೆಂದೂ 1964ರಲ್ಲಿ ಅವರು ಸಾಧಿಸಿದರು. ಆ ಲೇಖನವು ಹಲವು ವರ್ಷ ಹೆಚ್ಚು ಗಮನ ಸೆಳೆಯಲಿಲ್ಲ. 1972ರಲ್ಲಿ ಕ್ಲೌಸರ್ ಮತ್ತು ಫ್ರೀಡ್‌ಮನ್, 1982ರಲ್ಲಿ ಆಸ್ಪೆ ಹಾಗೂ ಸಂಗಡಿಗರು ನಡೆಸಿದ ಪ್ರಯೋಗಗಳಲ್ಲಿ ಮಿತಿ ಮೀರಿದ್ದು ಕಂಡುಬಂದಿತು.

ಅಳತೆ ಎಂಬ ಪದವನ್ನು ಸ್ಪಷ್ಟ ಅರ್ಥವಿಲ್ಲದೆ ಬಳಸುವುದನ್ನು 1990ರ ಲೇಖನವೊಂದರಲ್ಲಿ ಶ್ರೀಯುತರು ತೀವ್ರವಾಗಿ ಆಕ್ಷೇಪಿಸಿದರು. ಇಂದಿನ ಜಾಲಗಳಿಗೆ ಈ ಪ್ರಶ್ನೆ ನೇರವಾಗಿ ಸಂಬಂಧಿಸಿದೆ. ಪೂರ್ಣ ಅಳತೆ ಮಾಡಿದರೆ ಹೆಣೆಯುವಿಕೆ ಮುರಿಯುತ್ತದೆ. ಅಳೆಯದೆ ಕಳುಹಿಸಿದರೂ ಮಾರ್ಗದಲ್ಲಿನ ಶಕ್ತಿನಷ್ಟದಿಂದ ಕ್ಷೀಣಿಸುತ್ತದೆ. ಆದ್ದರಿಂದ ಕಳುಹಿಸುವ ಮುನ್ನ ಅಪೂರ್ಣವಾದ, ಅಂದರೆ ದುರ್ಬಲ ಅಳತೆಯ ಮೂಲಕ ಕಣವನ್ನು ನಷ್ಟ ತಟ್ಟದ ಸ್ಥಿತಿಯ ಕಡೆಗೆ ವಾಲಿಸಿ, ತಲುಪಿದ ಬಳಿಕ ವಿಲೋಮ ಅಳತೆಯಿಂದ ಮೂಲ ಸ್ಥಿತಿಯ ಸಮೀಪಕ್ಕೆ ತರಲಾಗುತ್ತದೆ. ಈ ವಿಧಾನವು 2012ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸಫಲವಾಯಿತು. ಆದರೆ ಎಲ್ಲ ಯತ್ನಗಳೂ ಫಲಿಸುವುದಿಲ್ಲ. ವಿಫಲವಾದ ಜೋಡಿಗಳನ್ನು ಕೈಬಿಡಬೇಕಾಗುತ್ತದೆ. ಉಳಿಯುವ ಜೋಡಿಗಳು ಕಡಿಮೆಯಾದರೂ ಅವುಗಳ ಹೆಣೆಯುವಿಕೆ ಉತ್ತಮವಾಗಿರುತ್ತದೆ.

ಶ್ರೀ ಬೆಲ್ ಅವರು ದಿನಾಂಕ 01.10.1990 ರಂದು ಮಿದುಳಿನ ರಕ್ತಸ್ರಾವದಿಂದ ಜಿನೀವಾದಲ್ಲಿ ನಿಧನರಾದರು. ಅವರು ತೋರಿದ ಮಿತಿಯನ್ನು ಪರೀಕ್ಷಿಸಿದ ಕ್ಲೌಸರ್, ಆಸ್ಪೆ ಮತ್ತು ಝೈಲಿಂಗರ್ ಅವರಿಗೆ 2022ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಮರಣೋತ್ತರವಾಗಿ ಈ ಪ್ರಶಸ್ತಿಗೆ ಆಯ್ಕೆ ಮಾಡಲು ನಿಯಮಗಳಲ್ಲಿ ಅವಕಾಶವಿಲ್ಲ. ಭಾರತ ಸರ್ಕಾರವು 2023ರ ಏಪ್ರಿಲ್‌ನಲ್ಲಿ ಅನುಮೋದಿಸಿದ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ನಲ್ಲಿ ಕ್ವಾಂಟಮ್ ಸಂವಹನವೂ ಸೇರಿರುತ್ತದೆ.