ದಿವಾನ್ ಶೇಷಾದ್ರಿ ಅಯ್ಯರ್

ಸಂಸ್ಥಾನದ ಬೊಕ್ಕಸದ ಹಣ ಮಿತವಾದುದು. ಪ್ರಜೆಗಳ ಅಗತ್ಯಗಳಾದರೋ ಹಲವು. ಯಾವುದಕ್ಕೆ ಮೊದಲ ಸ್ಥಾನವನ್ನು ಕೊಡಬೇಕೆಂದು ನಿರ್ಧರಿಸುವಲ್ಲಿಯೇ ಆಡಳಿತಗಾರನ ವಿವೇಕ ವ್ಯಕ್ತವಾಗುತ್ತದೆ. ಅಂತಹ ವಿವೇಕಶಾಲಿಗಳಲ್ಲಿ ಮೈಸೂರಿನ ದಿವಾನರಾಗಿದ್ದ ಸರ್ ಕೆ. ಶೇಷಾದ್ರಿ ಅಯ್ಯರ್ ಅವರು ಒಬ್ಬರು.

ಶೇಷಾದ್ರಿ ಅಯ್ಯರ್ ಅವರು 1845ರಲ್ಲಿ ಪಾಲ್ಘಾಟ್ ಪ್ರಾಂತದಲ್ಲಿ ಜನಿಸಿದರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ವ್ಯಾಸಂಗ ಮಾಡಿ, 1868ರಲ್ಲಿ ಮೈಸೂರಿನ ಸೇವೆಗೆ ಸೇರಿದರು. 1876ರಿಂದ 1878ರವರೆಗೆ ನಾಡನ್ನು ಕಾಡಿದ ಭೀಕರ ಕ್ಷಾಮವನ್ನು ಅವರು ಕಣ್ಣಾರೆ ಕಂಡಿದ್ದರು. 1883ರಲ್ಲಿ ರಂಗಾಚಾರ್ಲು ಅವರು ನಿಧನರಾದಾಗ ದಿವಾನ್ ಪದವಿ ಇವರಿಗೆ ಒದಗಿತು. ಕ್ಷಾಮಕಾಲದ ಸಾಲದ ಹೊರೆ ಇನ್ನೂ ಇಳಿದಿರಲಿಲ್ಲ. ಆದುದರಿಂದ ಅವರು ರೈಲುಮಾರ್ಗಗಳಿಗೂ ನೀರಾವರಿಗೂ ಮೊದಲ ಗಮನವಿತ್ತರು.

ಹೊಟ್ಟೆಯ ಚಿಂತೆಯೊಡನೆ ಜ್ಞಾನದ ಚಿಂತೆಯೂ ಅವರಿಗಿತ್ತು. ನೆಲದೊಳಗೆ ಏನಿದೆಯೆಂಬುದನ್ನು ಅರಿಯದೆ ನಾಡಿನ ಸಂಪತ್ತನ್ನು ಬಳಸುವುದೆಂತು? 1894ರಲ್ಲಿ ಭೂವಿಜ್ಞಾನ ಇಲಾಖೆ ಸ್ಥಾಪನೆಯಾಯಿತು. ಅದಕ್ಕೂ ಮೊದಲು, 1891ರಲ್ಲಿ, ಮೈಸೂರಿನಲ್ಲಿ ಪ್ರಾಚ್ಯ ಗ್ರಂಥಾಲಯವು ಆರಂಭವಾಗಿತ್ತು. ಮುಂದೆ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಬೆಳಕಿಗೆ ತಂದುದು ಅಲ್ಲಿದ್ದ ತಾಳೆಗರಿಯ ಪ್ರತಿಯಿಂದಲೇ. ಜಮ್‌ಸೆಟ್‌ಜಿ ಟಾಟಾ ಅವರು ವಿಜ್ಞಾನ ಸಂಶೋಧನೆಗೆ ಮೀಸಲಾದ ವಿದ್ಯಾಸಂಸ್ಥೆಯೊಂದನ್ನು ಸ್ಥಾಪಿಸಲು ಬಯಸಿದಾಗ ಶೇಷಾದ್ರಿ ಅಯ್ಯರ್ ಅವರು ಬೆಂಬಲವಿತ್ತರು. ಮೈಸೂರು ಸರ್ಕಾರವು ಕೊಟ್ಟ 371 ಎಕರೆ ಭೂಮಿಯಲ್ಲಿ ಇಂದಿನ ಭಾರತೀಯ ವಿಜ್ಞಾನ ಸಂಸ್ಥೆ ತಲೆಯೆತ್ತಿ ನಿಂತಿದೆ.

ಅವರ ಎಲ್ಲಕ್ಕಿಂತ ದಿಟ್ಟವಾದ ಕಾರ್ಯ ಶಿವನಸಮುದ್ರದ ವಿದ್ಯುತ್ ಯೋಜನೆ. ಕೋಲಾರದ ಚಿನ್ನದ ಗಣಿಗಳು ಉಗಿಯಂತ್ರಗಳಿಂದ ನಡೆಯುತ್ತಿದ್ದು, ಇಂಧನಕ್ಕೆ ಅಪಾರ ವೆಚ್ಚವಾಗುತ್ತಿತ್ತು. ಕಾವೇರಿಯ ಧುಮ್ಮಿಕ್ಕುವ ನೀರಿನಿಂದ ವಿದ್ಯುತ್ತನ್ನು ಉತ್ಪಾದಿಸಿ, ಸುಮಾರು 92 ಮೈಲಿ ದೂರದ ಗಣಿಗಳಿಗೆ ತಂತಿಯ ಮೂಲಕ ಒಯ್ಯಬೇಕೆಂಬ ಯೋಜನೆಯನ್ನು ಇಂಜಿನಿಯರ್ ಲಾಟ್ಬಿನಿಯರ್ ಅವರು ಮುಂದಿಟ್ಟರು. ಅಷ್ಟು ದೂರಕ್ಕೆ ವಿದ್ಯುತ್ತನ್ನು ಸಾಗಿಸುವುದು ಜಗತ್ತಿಗೇ ಹೊಸತಾಗಿದ್ದ ಕಾಲವದು. ಯೋಜನೆ ವಿಫಲವಾದರೆ ಸಂಸ್ಥಾನದ ಹಣವೆಲ್ಲ ನೀರುಪಾಲಾಗುತ್ತಿತ್ತು. ದಿವಾನರು ದುಡುಕಲಿಲ್ಲ, ಅಂಜಿ ಹಿಂಜರಿಯಲೂ ಇಲ್ಲ. ಲಾಟ್ಬಿನಿಯರ್ ಅವರನ್ನು ಯೂರೋಪು, ಅಮೆರಿಕಗಳಿಗೆ ಕಳುಹಿಸಿ ಅಲ್ಲಿನ ತಜ್ಞರ ಅಭಿಪ್ರಾಯವನ್ನು ತರಿಸಿಕೊಂಡರು. ವಿದ್ಯುತ್ತನ್ನು ಕೊಳ್ಳುವ ಬಗ್ಗೆ ಗಣಿ ಕಂಪನಿಗಳೊಡನೆ ಒಪ್ಪಂದವಾಯಿತು. ವಿದೇಶಗಳಿಂದ ಬಂದ ಭಾರವಾದ ಯಂತ್ರಗಳನ್ನು ಶಿವನಸಮುದ್ರಕ್ಕೆ ಸಾಗಿಸಲು ಆನೆಗಳನ್ನೂ ಬಳಸಬೇಕಾಯಿತು.

ಅವರ ಆಡಳಿತಕ್ಕೆ ಟೀಕಾಕಾರರಿಲ್ಲದಿರಲಿಲ್ಲ. ಹೊರನಾಡಿನವರಿಗೆ ಹೆಚ್ಚು ಹುದ್ದೆಗಳು ದೊರೆಯುತ್ತಿವೆಯೆಂಬ ಅಸಮಾಧಾನ ಮೈಸೂರಿನವರಲ್ಲಿತ್ತು. ಆದರೂ ಹದಿನೆಂಟು ವರ್ಷ ಅವರು ಹೊಣೆಯನ್ನು ಹೊತ್ತರು. ಆರೋಗ್ಯ ಕೆಟ್ಟು 1901ರಲ್ಲಿ ನಿವೃತ್ತರಾಗಿ, ಅದೇ ವರ್ಷದ ಸೆಪ್ಟೆಂಬರಿನಲ್ಲಿ ನಿಧನರಾದರು.

1902ರ ಜೂನ್ 30ರಂದು ಶಿವನಸಮುದ್ರದ ವಿದ್ಯುತ್ತು ಕೋಲಾರದ ಗಣಿಗಳನ್ನು ತಲುಪಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಬೆಳಗಿದವು. ಆ ಬೆಳಕನ್ನು ಕಾಣಲು ಶೇಷಾದ್ರಿ ಅಯ್ಯರ್ ಅವರು ಇರಲಿಲ್ಲ. ತಾನು ನೆಟ್ಟ ಮರದ ಹಣ್ಣನ್ನು ಮುಂದಿನವರು ಉಣ್ಣಲೆಂದು ಹಾರೈಸುವ ತೋಟಗಾರನಂತೆ ದುಡಿದ ಆ ದಿವಾನರನ್ನು ನಾಡು ಕೃತಜ್ಞತೆಯಿಂದ ನೆನೆಯುತ್ತದೆ.